ರೆದ್ವಾನನ ಹಕ್ಕಿ

ಬೂಅಲೆಮ್‌ಗೆ ಹಕ್ಕಿ ಹುಚ್ಚು ಇರಲಿಲ್ಲ. ಅದಿದ್ದದ್ದು ಅವನ ತಮ್ಮ ರೆದ್ವಾನನಿಗೆ. ಬೂಅಲೆಮ್ ಚಿಕ್ಕಂದಿನಿಂದಲೂ ಅಲ್ಜೀರ್ಸ್‌ನ ಉಳ್ಳವರ ಮನೆಗಳಲ್ಲಿ ನೆಲಕ್ಕೆ ಟೈಲ್ಸ್ ಕೂರಿಸುತ್ತ ಬಂದವನು. ನಲವತ್ತು ದಾಟುವಷ್ಟರಲ್ಲಿ ಮೊಣಕಾಲುಗಳು ಸವೆದಿದ್ದವು. ಮದುವೆಯ ಮಾತು ಬಂದಾಗಲೆಲ್ಲ, ನಮ್ಮ ಹುಡುಗಿಗೆ ಒಂದು ಕೋಣೆಯಾದರೂ ಬೇಡವೇ ಎಂದು ಹೆಣ್ಣಿನ ಕಡೆಯವರು ಎದ್ದು ಹೋಗುತ್ತಿದ್ದರು. ಬಾಬ್ ಎಲ್ ಊಯೆದ್ ಬಡಾವಣೆಯ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಅವನೂ ಅವನ ತಾಯಿ ವರ್ದಿಯಾಳೂ ಇದ್ದರು. ಜೊತೆಗೆ, ರೆದ್ವಾನ್ ಬಿಟ್ಟುಹೋದ, ಮೆಕ್ನೀನ್ ಎಂಬ ಹಾಡುವ ಹಕ್ಕಿ.

ಆ ಬೀದಿಯಲ್ಲಿ ಕೆಲಸವಿಲ್ಲದ ಗಂಡಸರೆಲ್ಲ ಮಾಡುವುದನ್ನೇ ರೆದ್ವಾನನೂ ಮಾಡುತ್ತಿದ್ದ. ಗೋಡೆಗೆ ಒರಗಿ ನಿಲ್ಲುವುದು, ಕಾಫಿ ಕುಡಿಯುವುದು, ಹಕ್ಕಿ ಸಾಕುವುದು. ಮುಷ್ಟಿಯೊಳಗೆ ಅಡಗುವಷ್ಟು ಪುಟ್ಟ ಹಕ್ಕಿ, ಕೆಂಪು ಮುಖ, ರೆಕ್ಕೆಯಲ್ಲಿ ಹಳದಿ ಪಟ್ಟಿ. ಮರಿಯಿದ್ದಾಗಲೇ ತಂದು, ಒಳ್ಳೆಯ ಹಾಡುಗಾರ ಹಕ್ಕಿಗಳ ಪಕ್ಕದಲ್ಲಿಟ್ಟು ಕಲಿಸಿ, ಶೇಖ್ ಎಂದು ಹೆಸರಿಟ್ಟಿದ್ದ. ಯಾರೂ ಕಲಿಸದ ಒಂದು ಸ್ವರವನ್ನೂ ಶೇಖ್ ಕಲಿತಿತ್ತು. ರೆದ್ವಾನ್ ಮೆಟ್ಟಿಲು ಹತ್ತುವಾಗ ಸಿಳ್ಳೆ ಹಾಕುತ್ತಿದ್ದ, ಎರಡು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ. ಹಕ್ಕಿ ಅದನ್ನು ತನ್ನ ಹಾಡಿನ ಕೊನೆಗೆ ಸೇರಿಸಿಕೊಂಡಿತ್ತು.

ಒಂದು ಬೇಸಿಗೆಯ ಕೊನೆಗೆ ರೆದ್ವಾನ್ ಬೀದಿಯ ಇನ್ನು ಕೆಲವರೊಂದಿಗೆ ಸ್ಪೇನಿನ ಕಡೆಗೆ ದೋಣಿ ಹತ್ತಿದ. ದೋಣಿ ದಡ ಸೇರಿದ ಸುದ್ದಿಯಿಲ್ಲ, ಮುಳುಗಿದ ಸುದ್ದಿಯೂ ಇಲ್ಲ. ಅಲ್ಲಿನ ಜೈಲಿನಲ್ಲಿದ್ದಾರೆ ಎಂದು ಯಾರೋ ಅಂದರು. ವರ್ದಿಯಾ ಆ ಮಾತನ್ನು ಹಿಡಿದುಕೊಂಡಳು. ಬೂಅಲೆಮ್ ಅದನ್ನು ಬಿಡಿಸಲು ಹೋಗಲಿಲ್ಲ.

ಬೆಳಗ್ಗೆ ಅವನು ಪಂಜರದ ಬಟ್ಟೆ ತೆಗೆದು ಬಾಲ್ಕನಿಯ ಮೊಳೆಗೆ ನೇತುಹಾಕುತ್ತಿದ್ದ. ತಾಯಿ ಕಾಫಿ ಲೋಟ ಹಿಡಿದು ಅದರ ಕೆಳಗೆ ಕೂರುತ್ತಿದ್ದಳು. ಶೇಖ್ ಹಾಡಿ ಹಾಡಿ ಕೊನೆಗೆ ಸಿಳ್ಳೆ ಹಾಕಿದಾಗ, "ಬಂದ ನೋಡು, ಕೆಳಗಿನ ಮೆಟ್ಟಿಲ ಹತ್ರ ಇದಾನೆ" ಎಂದು ನಗುತ್ತಿದ್ದಳು. ವರ್ಷಗಳು ಹೋದರೂ ಆ ನಗು ಸವೆದಿರಲಿಲ್ಲ.

ಸವೆಯುತ್ತಿದ್ದದ್ದು ಹಕ್ಕಿ. ಕಾಲುಗಳಲ್ಲಿ ಪೊರೆ ಎದ್ದಿತ್ತು, ಮೇಲಿನ ಕೋಲಿಗೆ ಹಾರಲು ಹೆಣಗುತ್ತಿತ್ತು. ಕೆಲವು ದಿನ ಹಾಡೇ ಇಲ್ಲ. ಅಂಥ ದಿನ ವರ್ದಿಯಾ ಲೋಟದಲ್ಲಿ ಕಾಫಿ ಆರಿಹೋದರೂ ಎದ್ದೇಳುತ್ತಿರಲಿಲ್ಲ.

ಬೂಅಲೆಮ್ ಕಾಫಿ ಅಂಗಡಿಯಲ್ಲಿ ಅಕ್ಲಿಯನ್ನು ಹುಡುಕಿಕೊಂಡು ಹೋದ. ಅಕ್ಲಿ ರೆದ್ವಾನನ ಗೆಳೆಯ, ಬೀದಿಯ ಹಕ್ಕಿ ಹುಚ್ಚರಲ್ಲಿ ಹಿರಿಯ.

"ನನಗೊಂದು ಮರಿ ಬೇಕು ಅಕ್ಲಿ."

"ನಿನಗಾ? ಗುಬ್ಬಿಗೂ ಕೋಳಿಗೂ ವ್ಯತ್ಯಾಸ ಗೊತ್ತೇನಯ್ಯಾ ನಿನಗೆ?"

"ನಗಬೇಡ. ಶೇಖ್ ಹಾಡೋದನ್ನ ಅದು ಇರೋವಾಗಲೇ ಇನ್ನೊಂದು ಕಲೀಬೇಕು. ಆ ಸಿಳ್ಳೆ ಸಮೇತ."

ಅಕ್ಲಿಯ ನಗು ನಿಂತಿತು. "ಬಾಯಿ ಬರದ ಮರಿ ಆಗ್ಬೇಕು, ಬೇರೆ ಏನನ್ನೂ ಕೇಳಿರಬಾರದು. ಅಂಥದ್ದು ಈಗೆಲ್ಲಿದೆ? ನಮ್ಮ ಗುಡ್ಡಗಳಲ್ಲಿದ್ದದ್ದನ್ನೆಲ್ಲ ನಾವೇ ಬಲೆ ಹಾಕಿ ಖಾಲಿ ಮಾಡಿದ್ವಿ. ಈಗ ಬರೋದೆಲ್ಲ ಮೊರಾಕೊ ಕಡೆಯಿಂದ, ಡಬ್ಬಿಯಲ್ಲಿ ತುಂಬಿ ಕದ್ದು ತಂದದ್ದು. ದಾರಿಯಲ್ಲಿ ಏನು ಕೇಳಿರುತ್ತೋ!"

"ಅಲ್ಲಾಹ್ ದೊಡ್ಡವನು."

"ದೊಡ್ಡವನೇ. ಹಕ್ಕಿ ಮಾರೋರು ಮಾತ್ರ ಸಣ್ಣವರು ಕಣೋ."

ಆದರೂ ಬೂಅಲೆಮ್ ಶುಕ್ರವಾರ ಎಲ್ ಹರ್ರಾಶ್‌ನ ಸಂತೆಗೆ ಹೋದ. ಮಾರುವವನು ಅವನ ಉಗುರು ಸಂದಿಯ ಸಿಮೆಂಟು ನೋಡಿಯೇ ಮಾತು ಶುರುಮಾಡಿದ. "ತಾಯಾಣೆ ಅಣ್ಣಾ, ಈ ಮರಿ ಇನ್ನೂ ಏನೂ ಕೇಳಿಲ್ಲ. ಹಸಿ ಸಿಮೆಂಟ್ ಇದ್ದಂಗೆ. ನೀನು ಏನು ಒತ್ತಿದ್ರೂ ಅದೇ ಮೂಡುತ್ತೆ."

ಬೂಅಲೆಮ್‌ಗೆ ಅರ್ಥವಾಗುವ ಮಾತು ಅದೊಂದೇ. ನಂಬಿದ. ತೂತು ಮಾಡಿದ ಕಾಗದದ ಚೀಲವನ್ನು ಕೋಟಿನೊಳಗೆ ಎದೆಗೆ ಒತ್ತಿ ಹಿಡಿದು ಬಸ್ಸು ಹತ್ತಿದ. ಅಷ್ಟು ಚಿಕ್ಕ ಜೀವದ ಎದೆ ಅಷ್ಟು ಜೋರಾಗಿ ಹೊಡೆದುಕೊಳ್ಳಬಲ್ಲದು ಎಂದು ಅವನಿಗೆ ತಿಳಿದಿರಲಿಲ್ಲ. ದಾರಿಯುದ್ದಕ್ಕೂ ಕೈ ಅಲುಗಿಸಲಿಲ್ಲ.

"ಇನ್ನೊಂದು ಯಾಕೋ?" ಎಂದಳು ವರ್ದಿಯಾ.

ಹಳೆಯದು ಸಾಯುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ. "ಶೇಖ್‌ಗೊಂದು ಜೊತೆ, ಯೆಮ್ಮಾ."

"ಜೊತೆ ತರೋದಾದ್ರೆ ನಿನಗೆ ತಾರೋ ದಡ್ಡಾ. ಹಕ್ಕಿಗೆ ಹೆಣ್ಣು ಹುಡುಕ್ತಾನಂತೆ!" ಎಂದು ಗದರಿದರೂ, ಮರಿಗೆ ಕುಡಿಯಲು ನೀರಿಟ್ಟವಳು ಅವಳೇ.

ಅಕ್ಲಿ ಹೇಳಿದಂತೆ ಮರಿಯ ಪಂಜರಕ್ಕೆ ಬಟ್ಟೆ ಹೊದಿಸಿ ಒಳಕೋಣೆಯಲ್ಲಿಟ್ಟರು. ಒಂದನ್ನೊಂದು ಕಾಣಬಾರದು, ಕೇಳಬೇಕು ಅಷ್ಟೆ. ಮನೆಗೆ ಇನ್ನೊಂದು ಜೀವ ಬಂದದ್ದು ಶೇಖ್‌ಗೆ ತಿಳಿಯಿತೋ ಏನೋ, ಹಳೆಯ ಹುರುಪು ಮರಳಿತು. ಬೆಳಗಿನ ಹಾಡು ಮಧ್ಯಾಹ್ನಕ್ಕೂ ಬೆಳೆಯಿತು. ಬೂಅಲೆಮ್ ಕೆಲಸದಿಂದ ಬರುವಾಗ ಬೀದಿಯ ತುದಿಯಲ್ಲೇ ನಿಂತು ಕೇಳುತ್ತಿದ್ದ.

ಚಳಿ ಹಿಡಿಯುವ ಹೊತ್ತಿಗೆ ಬಟ್ಟೆಯೊಳಗಿನ ಮರಿಗೂ ಬಾಯಿ ಬಂತು. ಮೊದಮೊದಲು ಗೊಣಗಾಟ. ಆಮೇಲೆ ನಡುನಡುವೆ ಒಂದು ಒರಟು ಸದ್ದು. ಬೂಅಲೆಮ್‌ಗೆ ಏನೂ ಅನ್ನಿಸಲಿಲ್ಲ. ಕೇಳಲು ಬಂದ ಅಕ್ಲಿ ಮಾತ್ರ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

"ಗುಬ್ಬಿ ಸದ್ದು ಕಣೋ ಇದು. ಗುಬ್ಬಿಗಳ ನಡುವೆ ಇಟ್ಟು ಬೆಳೆಸಿದಾರೆ. ಇವತ್ತೇ ಆಚೆ ಸಾಗಿಸು."

"ಕಲೀತಾ ಇದೆಯಲ್ಲ, ಆ ಸದ್ದನ್ನ ತಾನಾಗೇ ಮರೆಯುತ್ತೆ ಬಿಡು."

"ಮರಿ ಮರೆಯೋದಿರಲಿ, ಮುದುಕ ಶೇಖ್ ಇದರಿಂದ ಕಲೀತಾನೆ. ನನ್ನ ಮಾತು ಕೇಳು."

ಬೂಅಲೆಮ್ ಕೇಳಲಿಲ್ಲ. ಈ ಮರಿಯೂ ಹೋದರೆ ಮುಂದೇನು ಎಂಬುದು ಅವನಿಗೆ ಗೊತ್ತಿರಲಿಲ್ಲ. ಇನ್ನೊಂದು ವಾರ ನೋಡೋಣವೆಂದ. ಆ ವಾರ ಮುಗಿದ ಮೇಲೂ ಹಾಗೆಯೇ ಅಂದುಕೊಂಡ.

ಒಂದು ಬೆಳಗ್ಗೆ ಶೇಖ್ ಹಾಡು ಎತ್ತಿತು. ಎಲ್ಲ ಸರಿಯಾಗಿಯೇ ಬಂತು. ಕೊನೆಯ ಸಿಳ್ಳೆಯೂ ಎರಡು ಸಲ ಮೇಲೇರಿತು. ಕೆಳಗಿಳಿಯಬೇಕಾದಲ್ಲಿ ಒಡಕು ಗುಬ್ಬಿ ಸದ್ದು. ಶೇಖ್ ಮತ್ತೆ ಹಾಡಿತು, ಮತ್ತೆ ಅದೇ.

ವರ್ದಿಯಾ ಬಾಗಿಲ ಕಡೆ ನೋಡಿದಳು. "ಯಾರದು?" ಎಂದಳು.

ಬೂಅಲೆಮ್ ಅಂದೇ ಮರಿಯನ್ನು ಅಕ್ಲಿಯ ಕೈಗಿಟ್ಟು ಬಂದ. ಅದರಿಂದ ಶೇಖ್‌ನ ಹಾಡು ಸರಿಹೋಗಲಿಲ್ಲ. ತಮ್ಮನ ಸಿಳ್ಳೆ ಎಲ್ಲಾದರೂ ಉಳಿದಿದೆಯೇ ಎಂದು ಅವನ ಗೆಳೆಯರನ್ನೆಲ್ಲ ಕೇಳಿದ. ಫೋನುಗಳಲ್ಲಿ ಫುಟ್‌ಬಾಲ್ ಗಲಾಟೆಯಿತ್ತು, ನಗು ಇತ್ತು, ಸಿಳ್ಳೆ ಇರಲಿಲ್ಲ. ಕೊನೆಗೆ ತಾಯಿ ಮಾರುಕಟ್ಟೆಗೆ ಹೋದಾಗ ಪಂಜರದ ಮುಂದೆ ನಿಂತು ತಾನೇ ಸಿಳ್ಳೆ ಹಾಕಲು ನೋಡಿದ. ತುಟಿ ಒಣಗುವವರೆಗೆ ಹಾಕಿದ. ತಮ್ಮನೊಂದಿಗೆ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವನಿಗೆ ಅವನ ಮೂರು ಸ್ವರ ಬರಲಿಲ್ಲ. ಶೇಖ್ ತಲೆ ವಾರೆ ಮಾಡಿ ನೋಡಿತು, ಕಾಳು ಒಡೆಯಲು ತಿರುಗಿತು. ಆಮೇಲಾಮೇಲೆ ಅದು ಆ ಗುಬ್ಬಿ ಸದ್ದನ್ನಷ್ಟೇ ಮಾಡತೊಡಗಿತು, ಕೊನೆಗೆ ಅದನ್ನೂ ಬಿಟ್ಟಿತು.

ವರ್ದಿಯಾ ಯಾರನ್ನೂ ಬೈಯಲಿಲ್ಲ. ಕಾಫಿಯನ್ನು ಅಡುಗೆಮನೆಯಲ್ಲೇ ನಿಂತು ಕುಡಿಯತೊಡಗಿದಳು. ಒಂದು ದಿನ ಹಿಟ್ಟು ನಾದುತ್ತ, ತಲೆಯೆತ್ತದೆ ಹೇಳಿದಳು:

"ಇಮಾಮರ ಹತ್ರ ಹೋಗಿ ಬಾ. ಅವನ ಹೆಸರಲ್ಲಿ ಜನಾಜಾ ನಮಾಜು ಮಾಡಿಸು. ಶವ ಇಲ್ಲದೋರಿಗೂ ಮಾಡ್ತಾರಂತೆ."

"ಸುದ್ದಿ ಏನೂ ಬಂದಿಲ್ಲವಲ್ಲ, ಯೆಮ್ಮಾ."

"ನೀನು ಮೊದಲಿಂದ ಅವನಿಲ್ಲ ಅಂತಲೇ ಅಂದ್ಕೊಂಡಿದ್ದೆ ಅಲ್ವೇನೋ? ನನಗೋಸ್ಕರ ಬಾಯಿ ಮುಚ್ಕೊಂಡಿದ್ದೆ."

ಅವಳು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು.

ಶುಕ್ರವಾರದ ನಮಾಜಿನ ನಂತರ ಇಮಾಮರು ಹೆಸರು ಹೇಳಿದರು. ಮುಂದೆ ಶವದ ಮಂಚವಿಲ್ಲದ ಬರಿ ನೆಲಕ್ಕೆ ಎದುರಾಗಿ ಸಾಲು ನಿಂತಿತು. ಮನೆಯಲ್ಲಿ ಹೆಂಗಸರು ಕೂಸ್‌ಕೂಸ್ ಬೇಯಿಸಿ ಬೀದಿಗೆಲ್ಲ ಹಂಚಿದರು. ದೋಣಿ ಹತ್ತಿದ ಉಳಿದವರ ತಾಯಂದಿರಲ್ಲಿ ಒಬ್ಬಳು ಮಾತ್ರ ಬಂದಳು. ಉಳಿದವರು ಇನ್ನೂ ಜೈಲಿನ ಮಾತನ್ನೇ ನಂಬಿದ್ದರು, ವರ್ದಿಯಾ ಮಾಡಿದ್ದು ಅವರಿಗೆ ಅಪಶಕುನವಾಗಿ ಕಂಡಿತ್ತು.

ಎಲ್ಲರೂ ಹೋದ ಮೇಲೆ ಅಕ್ಲಿ ಬಾಗಿಲ ಬಳಿ ನಿಂತ. "ನನ್ನ ಹತ್ರ ಒಂದು ಹೆಣ್ಣು ಹಕ್ಕಿ ಇದೆ. ಪಕ್ಕದಲ್ಲಿಟ್ಟರೆ ಶೇಖ್ ಮತ್ತೆ ಬಾಯಿ ಬಿಟ್ಟರೂ ಬಿಡಬಹುದು. ತರ್ಲಾ?"

"ಬೇಡ," ಎಂದ ಬೂಅಲೆಮ್. "ಬಾಯಿ ಬಿಟ್ಟು ಏನು ಹೇಳೀತು ಅದು?"

ಒಳಗೆ ವರ್ದಿಯಾ ದೊಡ್ಡ ಪಾತ್ರೆ ಉಜ್ಜುತ್ತಿದ್ದಳು. ಅವನು ಅಂಗಿಯ ತೋಳು ಮಡಚಿಕೊಂಡು ಸಹಾಯಕ್ಕೆ ಹೋದ.