ತಲೆ ತಗ್ಗಿಸದ ಪತ್ರಗಳು

ಅವರ ಹುಬ್ಬುಗಳು ಪೂರ್ತಿ ಬಿಳಿ, ಕೂದಲು ಮಾತ್ರ ಇನ್ನೂ ಕಂದು. ಸಿಟ್ಟು ಬಂದರೆ ಎಡಹುಬ್ಬು ಒಂದೇ ಮೇಲೇರುತ್ತಿತ್ತು. ಜರ್ಮನಿಯ ಬಾನ್‌ನಲ್ಲಿ ನಮ್ಮ ಮೇಲಿನ ಮನೆಯವರು, ನಿವೃತ್ತ ಪ್ರೊಫೆಸರ್. ಅಲ್ಲಿ ಸದ್ದು ಮಾಡಬಾರದ ಭಾನುವಾರ ನಾನು ಚಟ್ನಿಗೆ ಮಿಕ್ಸಿ ಹಾಕಿದ್ದಕ್ಕೆ ಜಗಳವಾಡಲು ಇಳಿದು ಬಂದವರು, ರುಚಿ ನೋಡಿ, “ಶನಿವಾರವೇ ರುಬ್ಬಿಡಿ, ನನಗೂ ಸ್ವಲ್ಪ” ಎಂದು ಹತ್ತಿ ಹೋದರು. ಅಲ್ಲಿಂದ ನಮ್ಮ ಒಡನಾಟ ಶುರು.

ಅಮೆರಿಕದ ಮೂಲನಿವಾಸಿಗಳಾದ ಚೆರೋಕೀ ಜನರ ನಾಯಕನೊಬ್ಬ, ತಮ್ಮ ನೆಲ ಕೈತಪ್ಪುತ್ತಿದ್ದ ಕಾಲದಲ್ಲಿ ಅಲ್ಲಿನ ಸರ್ಕಾರಕ್ಕೆ ಬರೆದ ಪತ್ರಗಳನ್ನು ಪ್ರೊಫೆಸರ್ ಜರ್ಮನ್ ಭಾಷೆಗೆ ತರುತ್ತಿದ್ದರು. ವರ್ಷಗಟ್ಟಲೆಯ ಕೆಲಸ. “ಬದುಕಿರುವವರನ್ನು ತಪ್ಪಾಗಿ ಓದಿದರೆ ಬಂದು ಜಗಳವಾಡುತ್ತಾರೆ. ಸತ್ತವರು ಎಲ್ಲಿಂದ ಬರಬೇಕು?” ಎನ್ನುತ್ತಿದ್ದರು. ಅವರ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ವರ್ಷ ಕಳೆಯುವುದು ಕಷ್ಟವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಪುಸ್ತಕವನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕು, ಅಷ್ಟೇ ಅವರ ಆಸೆ.

ಅಚ್ಚಿಗೆ ಸಿದ್ಧವಾದ ಹಾಳೆಗಳನ್ನು ನನಗೆ ಓದಲು ಕೊಟ್ಟರು. ಒಂದು ಪತ್ರದಲ್ಲಿ ನಾಯಕ, ಅಮೆರಿಕದ ಅಧ್ಯಕ್ಷರನ್ನು “ಅಪ್ಪಾ” ಎಂದು ಕರೆದಿದ್ದ. ಅಡಿಯಲ್ಲಿ ಇವರ ಟಿಪ್ಪಣಿ: ಇದು ಶರಣಾದವನ ದನಿ. ಚೆರೋಕೀಯರಲ್ಲಿ ಮಕ್ಕಳು ತಾಯಿಯ ಕುಲದವರು, ಅಧಿಕಾರ ಸೋದರಮಾವನದು ಎಂದು ಮುನ್ನುಡಿಯಲ್ಲಿ ಇವರೇ ಬರೆದಿದ್ದರು. ನಮ್ಮದೂ ಹಾಗೇ ತಾಯಿಯ ಕಡೆಯಿಂದ ಸಾಗುವ, ಉಡುಪಿ ಕಡೆಯ ಅಳಿಯಸಂತಾನದ ಮನೆ. ನನಗೆ ತಡೆಯಲಾಗಲಿಲ್ಲ. ಅವರೆದುರೇ ಊರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

“ಅಮ್ಮ, ನೀನು ಸಣ್ಣದಿರುವಾಗ ಮನೆಯಲ್ಲಿ ಅಜ್ಜನ ಮಾತು ನಡೀತಿತ್ತಾ?”

“ಎಂತ ನಡೆಯುದು ಮಾರಾಯ್ತಿ. ಬೈಯುದು, ಹೊಡೆಯುದು ಎಲ್ಲ ಮಾವ. ಅಪ್ಪ ನೆಂಟರ ಹಾಗೆ ಬರುದು, ಹೋಗುದು. ಬೇಕಾದ್ದು ಕೇಳ್ಲಿಕ್ಕೆ ಅಪ್ಪ. ಕೊಡದಿದ್ರೆ ಮರ್ಯಾದೆ ಹೋಗುದು ಅವರದ್ದೇ.”

ನಾನು ಅನುವಾದಿಸಿ ಹೇಳಿದೆ. ಅವರು ಮುನ್ನುಡಿಯ ಹಾಳೆಯನ್ನು ತೆಗೆದು ಆ ಪತ್ರದ ಪಕ್ಕಕ್ಕಿಟ್ಟರು. “ಎರಡೂ ನನಗೆ ಗೊತ್ತಿತ್ತು. ಒಟ್ಟಿಗಿಟ್ಟು ನೋಡಲೇ ಇಲ್ಲ. ಇವನು ಕಾಲಿಗೆ ಬಿದ್ದಿಲ್ಲ, ಕೊಡಬೇಕಾದ್ದನ್ನು ಕೊಡು ಅನ್ನುತ್ತಿರಬಹುದು” ಎಂದರು.

ಮಾರನೆಯ ದಿನವೇ ಪುಸ್ತಕವನ್ನು ಅಚ್ಚಿನಿಂದ ವಾಪಸ್ ತರಿಸಿದರು. ಪ್ರತಿ ಪತ್ರದ ದನಿಯನ್ನೂ ಮತ್ತೆ ತೂಗಬೇಕಿತ್ತು. ಹಾಗಾದರೆ ಅಚ್ಚಾಗುವುದು ಇನ್ನು ಬರುವ ವರ್ಷವೇ ಎಂದರು ಪ್ರಕಾಶಕರು. ಒಂದು ತಿದ್ದುಪಡಿ ಚೀಟಿ ಅಂಟಿಸಿದರೆ ಸಾಕಲ್ಲವೇ ಎಂದು ಅಂಗಲಾಚಿದೆ. ಎಡಹುಬ್ಬು ಮೇಲೇರಿತು.

“ಇಷ್ಟು ಕಾಲ ನಾವು ಓದಿದವರೆಲ್ಲ ಅವನ ತಲೆ ತಗ್ಗಿಸಿ ನಿಲ್ಲಿಸಿದ್ದೇವೆ. ನಾನೂ ಹಾಗೇ ನಿಲ್ಲಿಸಿ ಹೋಗಲಾ?”

ಹಟವೆಂದರೆ ಹಟ. ಕೂರಲಾಗದಿದ್ದಾಗ ಮಲಗಿಯೇ ತಿದ್ದಿದರು. ನಾನು ಗಟ್ಟಿಯಾಗಿ ಓದುವುದು, ಅವರು ಕಣ್ಣು ಮುಚ್ಚಿ ಒಂದೊಂದೇ ಪದ ಬದಲಿಸುವುದು. ಕೊನೆಯ ಪತ್ರ ಮುಗಿದದ್ದು ಆಸ್ಪತ್ರೆಯಲ್ಲಿ. ಅವತ್ತು ಹಾಳೆಗಳನ್ನು ಜೋಡಿಸುತ್ತಾ ಮನಸ್ಸಿನಲ್ಲಿದ್ದದ್ದನ್ನು ಆಡಿಯೇಬಿಟ್ಟೆ.

“ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ಹೊತ್ತಿಗೆ ಪುಸ್ತಕ ನಿಮ್ಮ ಕೈಯಲ್ಲಿರುತ್ತಿತ್ತು.”

“ಹೌದು,” ಎಂದರು. “ತಪ್ಪು ಪುಸ್ತಕ.”

ಅವರು ಹೋಗಿ ಎಷ್ಟೋ ದಿನಗಳ ಮೇಲೆ ಅಂಚೆಯಲ್ಲಿ ಪುಸ್ತಕ ಬಂತು. ನಿಂತಲ್ಲೇ ಬಿಚ್ಚಿ ಆ ಪತ್ರವನ್ನು ಓದಿದೆ. ಎಲ್ಲೂ ಬೇಡುವ ದನಿಯಿಲ್ಲ. ಸರಿಯಾಗಿದೆ ಎಂದು ಹೇಳೋಣವೆಂದರೆ ಮೇಲಿನ ಮನೆಗೆ ಬೇರೆಯವರು ಬಂದಾಗಿದೆ.