ಗಂಟಲು ಸುಟ್ಟ ನೀರು

ದೆವ್ವ, ಮಾಟ, ಪವಾಡ ಇವು ಯಾವುದನ್ನೂ ನಾನು ನಂಬಿದವನಲ್ಲ. ಯಾರಾದರೂ ಅಂಥ ಕಥೆ ಶುರು ಮಾಡಿದರೆ ಮೆಲ್ಲಗೆ ಎದ್ದು ಹೋಗುತ್ತಿದ್ದೆ. ಹೊಲಿಗೆ ಯಂತ್ರ ರಿಪೇರಿ ಮಾಡಿ ಹೊಟ್ಟೆ ಹೊರೆದವನು ನಾನು. ಯಂತ್ರ ನಿಂತಿತೆಂದರೆ ಅದಕ್ಕೊಂದು ಕಾರಣ ಇರುತ್ತದೆ, ಬಿಚ್ಚಿದರೆ ಸಿಕ್ಕುತ್ತದೆ, ಅಷ್ಟೇ ನನ್ನ ವೇದಾಂತ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಆಗ ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು, ದಿಬ್ಬ ಬಂದರೆ ಇಳಿದು ತಳ್ಳಬೇಕಾಗುತ್ತಿತ್ತು. ನನ್ನ ಮನೆ ಚನ್ನಗಿರಿಯಲ್ಲಿ. ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ದರ್ಜಿಗಳ ಅಂಗಡಿಯಿಂದ ಅಂಗಡಿಗೆ ಸುತ್ತುವುದು ನನ್ನ ಕೆಲಸ. ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಹೊನ್ನಾಳಿಯಲ್ಲಿ ಕುಡಿಯುವುದನ್ನು ಕಲಿತೆ. ಮೊದಮೊದಲು ನಿದ್ದೆ ಬರಲೆಂದು, ಆಮೇಲೆ ಕೈ ನಡುಗದಿರಲೆಂದು. ಕೆಲವು ವರ್ಷಗಳಲ್ಲಿ ಕಣ್ಣು ಹಳದಿಯಾಯಿತು, ಕಾಲು ಬಾತವು, ಹೊಟ್ಟೆಯಲ್ಲಿ ನೀರು ತುಂಬಿತು. ಆಸ್ಪತ್ರೆಯ ಡಾಕ್ಟರು ಹೊಟ್ಟೆಗೆ ಸೂಜಿ ಚುಚ್ಚಿ ನೀರು ತೆಗೆದು, "ನಿಮ್ಮ ಲಿವರ್ ಒಣಕೊಬ್ಬರಿ ಹಾಗೆ ಗಟ್ಟಿಯಾಗಿದೆ. ಅದು ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಕುಡಿಯುವುದನ್ನು ಬಿಟ್ಟರೆ ಇನ್ನಷ್ಟು ದಿನ ಎಳೆಯಬಹುದು" ಎಂದರು.

ಬಿಟ್ಟೆ. ಮತ್ತೆ ಹಿಡಿದೆ. ಮತ್ತೆ ಬಿಟ್ಟೆ. ಆ ರೋಗ ಇದ್ದವರಿಗೆ ಗೊತ್ತು, ನೋವಿಗಿಂತ ದೊಡ್ಡದು ಸುಸ್ತು. ಬೆಳಿಗ್ಗೆ ಎದ್ದ ಕೂಡಲೇ ಸುಸ್ತು, ಸ್ನಾನ ಮಾಡಿದರೆ ಸುಸ್ತು, ಉಂಡರೆ ಸುಸ್ತು. ಸಾಯುವ ಭಯವೂ ಒಂದು ಹಂತದ ಮೇಲೆ ಸುಸ್ತಾಗಿ ಕೂತುಬಿಡುತ್ತದೆ.

ಮನೆಯಲ್ಲಿ ನನ್ನ ಜೊತೆ ಇದ್ದವಳು ಹಾಲಮ್ಮಕ್ಕ, ನನ್ನ ಸ್ವಂತ ಅಕ್ಕ. ಗಂಡನನ್ನೂ ಎಳೆಯ ಮಗಳನ್ನೂ ಒಂದೇ ವಾರದ ಪ್ಲೇಗಿನಲ್ಲಿ ಕಳೆದುಕೊಂಡು ತವರಿಗೆ ಬಂದವಳು. ಅದರ ಬಗ್ಗೆ ಒಂದು ಮಾತನ್ನೂ ಆಡಿದವಳಲ್ಲ. ನನ್ನ ಕುಡಿತದ ಬಗ್ಗೆಯೂ ಬೈದವಳಲ್ಲ. ಉಪ್ಪಿಲ್ಲದ ಗಂಜಿ ಕಾಸಿ ಮುಂದಿಟ್ಟು, ನಾನು ಉಣ್ಣುವ ತನಕ ಗೋಡೆಗೆ ಒರಗಿ ಕೂತಿರುತ್ತಿದ್ದಳು.

ಆ ಸಲ ಜಗಳೂರಿಗೆ ಹೋದಾಗ ಬೇಸಗೆ. ಮಲ್ಲಪ್ಪ ಎಂಬ ದರ್ಜಿಯ ಯಂತ್ರ ಸರಿ ಮಾಡಿದೆ. ಮಲ್ಲಪ್ಪ ನನ್ನ ಹಳೆಯ ಕುಡಿತದ ಜೊತೆಗಾರ. ನಾನು ಬಿಟ್ಟು ಎರಡು ತಿಂಗಳ ಮೇಲಾಗಿತ್ತು. ಕೆಲಸ ಮುಗಿದಾಗ ಪಕ್ಕದ ಮಸೀದಿಯಲ್ಲಿ ಮಧ್ಯಾಹ್ನದ ಬಾಂಗು ಕೂಗಿದರು. ಅವನು ಕೈ ಒರೆಸಿಕೊಂಡು, "ಬರ್ತೀಯೇನು?" ಅಂದ. ಬಲವಂತವೇನೂ ಮಾಡಲಿಲ್ಲ. ನಾನು ಹೋದೆ.

ಸಾರಾಯಿ ಅಂಗಡಿಯಲ್ಲಿ ಹೆಚ್ಚು ಜನರಿರಲಿಲ್ಲ. ಒಂದೇ ಸೀಸೆಯಿಂದ ಇಬ್ಬರಿಗೂ ಬಗ್ಗಿಸಿದರು. ನಾನು ಗ್ಲಾಸು ಎತ್ತಿ ಒಂದೇ ಗುಟುಕಿಗೆ ಕುಡಿದೆ. ನೀರು! ಸಾರಾಯಿಗೆ ನೀರು ಬೆರೆಸಿದ ಹಾಗಲ್ಲ, ಮನೆಯ ಮಣ್ಣಿನ ಕೊಡದಿಂದ ಬಗ್ಗಿಸಿಕೊಂಡ ತಣ್ಣನೆಯ ನೀರಿನ ಹಾಗೆ. ವಾಸನೆಯಿಲ್ಲ, ಉರಿಯಿಲ್ಲ. ಇನ್ನೊಂದು ಗ್ಲಾಸು ಹಾಕಿಸಿಕೊಂಡೆ. ಅದೂ ನೀರೇ.

"ಏನೋ ಇದು, ಬರೀ ನೀರು ಕೊಟ್ಟಾನಲ್ಲ" ಅಂದೆ.

ಮಲ್ಲಪ್ಪ ನನ್ನ ಗ್ಲಾಸಿನಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ. "ನಿನಗೇನು ತಲೆ ಕೆಟ್ಟೈತಾ? ಗಂಟಲು ಸುಡಾಕೆ ಹತ್ತೈತಿ!"

ಮೂರನೆಯದನ್ನೂ ಕುಡಿದೆ. ಮಲ್ಲಪ್ಪನ ಮಾತು ತೊದಲತೊಡಗಿತು. ನಾನು ಮಾತ್ರ ಕೆರೆ ನೀರು ಕುಡಿದ ಎಮ್ಮೆಯ ಹಾಗೆ ಹೊಟ್ಟೆ ತುಂಬಿಕೊಂಡು ಸುಮ್ಮನೆ ಕೂತಿದ್ದೆ. ನಾಲಿಗೆಯೂ ಸತ್ತಿತೇನೋ, ರೋಗ ಅಲ್ಲಿಗೂ ಏರಿತೇನೋ ಅಂದುಕೊಂಡೆ. ಹೆದರಿಕೆಯಾಗಲಿಲ್ಲ. ಇದೂ ಹೋಯಿತಲ್ಲ ಎಂದು ಬೇಸರವಾಯಿತು.

ಮರುದಿನ ಚನ್ನಗಿರಿಗೆ ಬಂದು ಇಳಿದೆ. ನಮ್ಮ ಪಕ್ಕದ ಮನೆಯ ಹುಸೇನ್‌ಬಿ ಬಾಗಿಲಲ್ಲೇ ಕಾದಿದ್ದಳು. ಅವಳ ಗಂಡ ಸೂಳೆಕೆರೆಯಿಂದ ಮೀನು ತಂದು ಮಾರುವವನು. ನಮ್ಮ ಅಕ್ಕನಿಗೂ ಅವಳಿಗೂ ವರ್ಷಗಳ ಸ್ನೇಹ. ನನ್ನನ್ನು ಗೋಡೆಯ ಮರೆಗೆ ಕರೆದು ದನಿ ತಗ್ಗಿಸಿದಳು.

"ಅಣ್ಣಾರೆ, ತಪ್ಪು ತಿಳೀಬ್ಯಾಡ್ರಿ. ನಿನ್ನೆ ಅಕ್ಕಾರು ಕುಡಿದಿದ್ರು."

ನನಗೆ ನಗು ಬಂತು. ಅವಳು ನಗಲಿಲ್ಲ.

"ಅಲ್ಲಾನ ಆಣೆ. ಮಧ್ಯಾನ್ನದ ಜೋಹರ್ ನಮಾಜು ಮುಗಿಸಿ ಎದ್ದೆ, ನಿಮ್ಮ ಹಿತ್ತಲಾಗೆ ಧಪ್ಪಂತ ಸದ್ದಾತು. ಹೋಗಿ ನೋಡಿದ್ರೆ ಅಕ್ಕಾರು ಬಿದ್ದಾರೆ. ಎಬ್ಬಿಸಿದ್ರೆ ನಿಲ್ಲಾಕೆ ಆಗವಲ್ದು. ಬಾಯಿ ತುಂಬ ಸಾರಾಯಿ ವಾಸನೆ. ನಗೋದೇನು, ಹಾಡೋದೇನು! ಯಾರ ಕಣ್ಣಿಗೂ ಬೀಳಬಾರದು ಅಂತ ಬಾಗಿಲು ಹಾಕ್ಕಂಡು ಮಲಗಿಸಿದೆ. ನನ್ನ ಗಂಡನಿಗೂ ಹೇಳಿಲ್ಲ."

ಒಳಗೆ ಹೋದೆ. ಅಕ್ಕ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಳು. ಕಣ್ಣು ಕೆಂಪಾಗಿತ್ತು. ಆ ತಲೆನೋವು ಎಂಥದೆಂದು ನನಗೆ ನೋಡಿದ ಕೂಡಲೇ ತಿಳಿಯಿತು. ಏನಾಯಿತು ಎಂದು ಕೇಳಿದೆ.

"ಗೊತ್ತಿಲ್ಲಪ್ಪ. ಬಿಸಿಲು ಜಾಸ್ತಿ ಇತ್ತು, ಕೊಡದಾಗಿನ ನೀರು ಬಗ್ಗಿಸ್ಕಂಡು ಕುಡಿದೆ. ಗಂಟಲು ಸುಟ್ಟಂಗಾತು. ಏನೋ ಅಂತ ಇನ್ನೊಂದು ಲೋಟ ಕುಡಿದೆ. ಅದೂ ಹಂಗೇ ಸುಟ್ಟಿತು."

ಕೊಡದ ಹತ್ತಿರ ಹೋಗಿ ನೀರು ಬಗ್ಗಿಸಿ ನೋಡಿದೆ. ಬರೀ ನೀರು. ನಾನು ಜಗಳೂರಿನಲ್ಲಿ ಏನು ಮಾಡಿದೆ ಎಂಬುದನ್ನು ಅವಳಿಗೆ ಹೇಳಿದೆ. ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಸೂರಿನ ಕಡೆ ನೋಡಿದಳು. ಆಮೇಲೆ, "ಇದನ್ನೇನೋ ನೀನು ಇಷ್ಟು ವರ್ಷ ಕುಡಿದಿದ್ದು? ಎಂಥಾ ಕಹಿಯೋ!" ಅಂದಳು. "ಆದ್ರೆ ಒಂದೀಟು ಹೊತ್ತು ಏನೂ ನೆನಪಿರಲಿಲ್ಲ. ಕೂಸಿನ ಮುಖಾನೂ ನೆನಪಿರಲಿಲ್ಲ" ಎಂದು ಗೋಡೆ ಕಡೆ ತಿರುಗಿದಳು. ಅಷ್ಟು ವರ್ಷಗಳಲ್ಲಿ ಅವಳು ಆ ಮಗುವಿನ ಸುದ್ದಿ ಎತ್ತಿದ್ದು ಅದೇ ಮೊದಲು.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಒಳ್ಳೆಯ ಮನುಷ್ಯ, ನಗಲಿಲ್ಲ. ಈ ರೋಗದಲ್ಲಿ ನಾಲಿಗೆಗೆ ರುಚಿ ತಪ್ಪುವುದುಂಟು ಎಂದರು. ಅದು ಸರಿ, ಆದರೆ ಮೂರು ಗ್ಲಾಸಿಗೂ ತಲೆ ತಿರುಗಲಿಲ್ಲವಲ್ಲ ಎಂದೆ. ಆಯುರ್ವೇದದ ಪಂಡಿತರು ನಿಮಗೆ ಕೊಟ್ಟ ಅರಿಷ್ಟದ ಔಷಧಿಯನ್ನು ನಿಮ್ಮ ಅಕ್ಕ ಗೊತ್ತಿಲ್ಲದೆ ಕುಡಿದಿರಬೇಕು, ಅದರಲ್ಲೂ ಮದ್ಯದ ಅಂಶ ಇರುತ್ತದೆ ಎಂದರು. ಆದರೆ ಆ ಅರಿಷ್ಟದ ಸೀಸೆ ನನ್ನ ಚೀಲದಲ್ಲಿ ಜಗಳೂರಿಗೆ ಬಂದಿತ್ತು. ಬಿಸಿಲಿಗೆ ಅಕ್ಕನ ತಲೆ ತಿರುಗಿರಬೇಕು ಎಂದರು. ಹುಸೇನ್‌ಬಿಯ ಮೂಗಿಗೆ ಬಡಿದ ವಾಸನೆ? ಕೊನೆಗೆ ಡಾಕ್ಟರು ಕನ್ನಡಕ ತೆಗೆದಿಟ್ಟು, "ಹೇಗೂ ಬಿಟ್ಟಿರಲ್ಲ, ಅಷ್ಟು ಸಾಕು" ಅಂದರು. ಹೌದು, ಅವತ್ತಿನಿಂದ ನಾನು ಮುಟ್ಟಿಲ್ಲ. ನನ್ನ ಹೊಟ್ಟೆಗೆ ಹೋದರೆ ನಾನು ಸಾಯುತ್ತೇನೆ, ಅದಕ್ಕೆ ನಾನು ಸಿದ್ಧನಿದ್ದೆ. ಅವಳ ಹೊಟ್ಟೆಗೆ ಹೋಗುವುದಾದರೆ ಗ್ಲಾಸು ಎತ್ತುವುದು ಹೇಗೆ?

ಆದರೂ ಸಂಶಯ ಬಿಡಲಿಲ್ಲ. ನಿಜವೋ ಸುಳ್ಳೋ ತಿಳಿಯಲು ಒಂದೇ ದಾರಿಯಿತ್ತು, ಮತ್ತೊಮ್ಮೆ ಕುಡಿದು ನೋಡುವುದು. ಒಂದು ಸಂಜೆ, ಮಳೆಗಾಲದ ಶುರುವಿನಲ್ಲಿ, ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅಕ್ಕನಿಗೆ ಇದನ್ನೇ ಹೇಳಿದೆ. ಹಾಸ್ಯಕ್ಕೆಂಬಂತೆ ಹೇಳಿದ್ದೆ. ಅವಳು ಕೈ ನಿಲ್ಲಿಸಿದಳು.

"ಕುಡಿ ಮತ್ತೆ" ಅಂದಳು. "ಒಂದೇ ಗುಟುಕು. ನಾನು ಇಲ್ಲೇ ಕುಂತಿರ್ತೀನಿ, ನೋಡಾಣ."

ನಾನು ಅವಳ ಮುಖ ನೋಡಿದೆ. ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಸಂಶಯ ತೀರಲಿ ಎಂದು ಹಾಗಂದಳೋ, ಇನ್ನೊಂದು ಸಲ ಸ್ವಲ್ಪ ಹೊತ್ತು ಮರೆಯಬೇಕೆಂದು ಅಂದಳೋ, ನನಗೆ ತಿಳಿಯಲಿಲ್ಲ. "ಬ್ಯಾಡ ಬಿಡಕ್ಕ" ಅಂದೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಅಕ್ಕ ತೀರಿಹೋಗಿ ಎಷ್ಟೋ ಕಾಲವಾಯಿತು. ಗಟ್ಟಿಯಾದ ಲಿವರ್ ಹೊತ್ತುಕೊಂಡು, ಡಾಕ್ಟರು ಹೇಳಿದ ಹಾಗೆ ಎಳೆಯುತ್ತ ನಾನಿನ್ನೂ ಇದ್ದೇನೆ. ಆ ಮಧ್ಯಾಹ್ನ ಏನಾಯಿತೆಂದು ಗೊತ್ತಿಲ್ಲ. ಆ ಸಂಜೆ ಬೇಡ ಎಂದದ್ದರಿಂದ ಅಕ್ಕನಿಗೆ ಒಳ್ಳೆಯದು ಮಾಡಿದೆನೋ, ಅವಳಿಗೆ ಸಿಗಬಹುದಾಗಿದ್ದ ಒಂದು ಗಳಿಗೆಯ ಮರೆವನ್ನು ತಪ್ಪಿಸಿದೆನೋ, ಅದೂ ಗೊತ್ತಿಲ್ಲ.