ಮರಕುಟಿಗದ ಅಕ್ಕ

ಪುಟ ಮಗುಚಬೇಡಿ, ಇವರ ಕಥೆ ಒಂದಿಷ್ಟು ಕೇಳಿಬಿಡಿ. ಕಿಟಕಿಗೆ ಇನ್ನೂ ಬೆಳಕು ಸರಿಯಾಗಿ ಬಿದ್ದಿಲ್ಲ. ಆಸ್ಪತ್ರೆಯ ಹಿಂಬದಿಯ ಪುಟ್ಟ ಕೋಣೆಯಲ್ಲಿ ಅಕ್ಕ ಆಗಲೇ ಕುರ್ಚಿ ಒರೆಸಿ, ಎಂಟರ ಆಕಾರದ ಸುರುಳಿಯನ್ನು ತನ್ನ ಮುಂಗೈ ಮೇಲಿಟ್ಟು ಗುಂಡಿ ಒತ್ತುತ್ತಾರೆ. ಟಕ್. ಬೆರಳು ತಾನಾಗಿ ಹಾರುತ್ತದೆ. ಯಂತ್ರಕ್ಕೂ ಬೆಳಗಾಯಿತು.

ಗುಳಿಗೆಗೆ ಬಗ್ಗದ ಖಿನ್ನತೆಗೆ ಇಲ್ಲಿ ಆಯಸ್ಕಾಂತದ ಚಿಕಿತ್ಸೆ. ಸುರುಳಿಯಿಂದ ಹೊಮ್ಮುವ ಕಾಂತಕ್ಷೇತ್ರ ಮಂಕಾದ ಮಿದುಳನ್ನು ತಟ್ಟಿ ಎಬ್ಬಿಸುತ್ತದೆ. ಸದ್ದು ಥೇಟ್ ಮರಕುಟಿಗದ್ದೇ, ಅದಕ್ಕೇ ರೋಗಿಗಳ ಬಾಯಲ್ಲಿ ಇವರು ಮರಕುಟಿಗದ ಅಕ್ಕ. ವೈದ್ಯರು ಜಾಗ ಗುರುತಿಸಿ ಹೋಗುತ್ತಾರೆ. ಆಮೇಲೆ ದಿನಕ್ಕೆ ಹತ್ತು ಹನ್ನೆರಡು ತಲೆ, ಕಿವಿಗೆ ಹತ್ತಿ ಇಡುವುದರಿಂದ ಹಿಡಿದು ಪಕ್ಕದಲ್ಲಿ ಕೂರುವವರೆಗೆ ಎಲ್ಲ ಇವರದೇ. "ಊರೋರ ತಲೆ ತಿನ್ನೋಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ ಅಂತ ನಮ್ಮತ್ತೆ ಕೇಳ್ತಾರೆ," ಎಂದು ಹೇಳಿ ತಾವೇ ನಗುತ್ತಾರೆ.

ಮೊದಲು ಇಲ್ಲೇ ಆಯಾ ಆಗಿದ್ದವರು. ಇವರ ತಂದೆ ವರ್ಷಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು, ನೆಂಟರು ಅದನ್ನು ಸೋಮಾರಿತನ ಅಂದರು. ಹಾಗಾಗಿ ಈ ಕೆಲಸ ಕಲಿಸುತ್ತೇವೆ ಅಂದಾಗ ಅಕ್ಕ ಹಿಂದೆಮುಂದೆ ನೋಡಲಿಲ್ಲ.

ಕಳೆದ ವರ್ಷ ಕಬ್ಬಿಣ ಕಡೆಯುವ ಲೇತ್ ಕೆಲಸದ ಹಿರಿಯರೊಬ್ಬರು ಬಂದರು. ಮಾತು ಬಿಟ್ಟು ತಿಂಗಳುಗಳೇ ಆಗಿದ್ದವು. ತಲೆಯಲ್ಲೋ ಕಣ್ಣಲ್ಲೋ ಲೋಹ ಇದೆಯಾ ಎಂದು ಎಲ್ಲರನ್ನೂ ಕೇಳುವಂತೆ ಅಕ್ಕ ಅವರನ್ನೂ ಕೇಳಿದರು. ಇದ್ದರೆ ಕಾಂತದ ಹೊಡೆತಕ್ಕೆ ಅದು ಕದಲಿ ಕಣ್ಣೇ ಹೋಗಬಹುದು. ಆತ ಇಲ್ಲವೆಂದು ತಲೆಯಾಡಿಸಿದರು.

ಎರಡು ವಾರ ಕಳೆದ ಮೇಲೊಂದು ಬೆಳಿಗ್ಗೆ ಅವರ ಹೆಂಡತಿ ಗಂಡನನ್ನು ಕರೆದುಕೊಂಡು ಓಡೋಡಿ ಬಂದರು. ಹಿಂದಿನ ದಿನ ಆತ ಬಾಯಿಬಿಟ್ಟು, ಊಟಕ್ಕೆ ಉಪ್ಪು ಜಾಸ್ತಿ ಆಯ್ತು ಕಣೇ, ಅಂದರಂತೆ. ಇಷ್ಟು ಸಿಹಿಯಾದ ಬೈಗುಳ ತಾನು ಕೇಳೇ ಇರಲಿಲ್ಲ ಎಂದು ಆಕೆ ಕಣ್ಣೊರೆಸಿಕೊಂಡರು. ಅದೇ ಖುಷಿಯಲ್ಲಿ ಹಳೆಯ ಕಥೆಗಳೂ ಹೊರಬಿದ್ದವು. ಹರೆಯದಲ್ಲಿ ಕೆಲಸ ಮಾಡುವಾಗ ಗಂಡನ ಕಣ್ಣಿಗೆ ಕಿಡಿ ಹಾರಿತ್ತು, ವಾರಗಟ್ಟಲೆ ಆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೂ ದರ್ಬಾರು ಬಿಟ್ಟಿರಲಿಲ್ಲ, ಅಂತೆಲ್ಲ.

ಸುರುಳಿ ಹಿಡಿದ ಅಕ್ಕನ ಕೈ ಅಲ್ಲೇ ನಿಂತಿತು. ಆತ ಸುಳ್ಳು ಹೇಳಿರಲಿಲ್ಲ. ಲೇತಿನವರಿಗೆ ಹಾರಿದ್ದು ಕಿಡಿ, ಕಿಡಿ ಅಂದರೆ ಆರಿಹೋಗುವಂಥದ್ದು. ಕಾದ ಕಬ್ಬಿಣದ ಚೂರೇ ಆದರೂ ಲೋಹ ಅಂತ ಅದನ್ನು ಯಾರು ಕರೆಯುತ್ತಾರೆ?

ಅಕ್ಕನ ಮುಖ ನೋಡಿಯೇ ಹೆಂಡತಿಗೆ ಅರ್ಥವಾಯಿತು. ಎದ್ದು ಬಾಗಿಲು ಮುಂದೆ ಮಾಡಿ, ಅಕ್ಕನ ಕೈ ಹಿಡಿದರು. "ನಾನು ಹೇಳ್ಲಿಲ್ಲ, ನೀನು ಕೇಳ್ಲಿಲ್ಲ ಅಂದ್ಕೋ ಮಗಳೇ. ಇಷ್ಟು ದಿನ ಏನೂ ಆಗಿಲ್ವಲ್ಲ."

ಆತ ಕಿವಿಗೆ ಹತ್ತಿ ಇಟ್ಟುಕೊಂಡು, ಇಬ್ಬರನ್ನೂ ಮಿಕಿಮಿಕಿ ನೋಡುತ್ತ ಕೂತಿದ್ದರು.

ಅಕ್ಕ ವೈದ್ಯರಿಗೆ ಹೇಳಿದರು. ಎಕ್ಸ್‌ರೇಯಲ್ಲಿ ಕಣ್ಣಿನ ಹಿಂದೆ ಎಳ್ಳಿನಷ್ಟು ಚೂರು ಕಂಡಿತು. ತೆಗೆಯುವಂತಿಲ್ಲ ಅಂದರು. ಚಿಕಿತ್ಸೆ ನಿಂತಿತು, ಕೆಲವೇ ವಾರಗಳಲ್ಲಿ ಮಾತೂ ನಿಂತಿತು.

ಈಗ ಬರುವ ಪ್ರತಿಯೊಬ್ಬರಿಗೂ ಅಕ್ಕ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಕಣ್ಣಿಗೆ ಯಾವತ್ತಾದ್ರೂ ಕಿಡಿ ಬಿದ್ದಿತ್ತಾ? ಆತನ ಹೆಂಡತಿ ಗಂಡನ ಗುಳಿಗೆಗೆಂದು ತಿಂಗಳಿಗೊಮ್ಮೆ ಬರುತ್ತಾರೆ, ಈ ಬಾಗಿಲ ಕಡೆ ತಿರುಗಿಯೂ ನೋಡುವುದಿಲ್ಲ.

"ಬೈದ್ರೂ ಪರವಾಗಿಲ್ಲ, ಒಂದ್ಸಲ ಒಳಗ್ ಬರ್ಲಿ," ಅನ್ನುತ್ತಾರೆ ಅಕ್ಕ. "ನಾನು ಉಳ್ಸಿದ್ದು ಕಣ್ಣು. ಅವ್ರು ಕೇಳಿದ್ದು ಮಾತು."

ಬಾಗಿಲು ಮುಂದೆ ಮಾಡಿದ ಆ ಕೋಣೆಯಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?